ಭತ್ತವಿಲ್ಲ ಎಂದು ಬರೆದುಕೊಟ್ಟ ಕೆರೆ

ಆಗಸ್ಟ್ ಕೊನೆಯ ವಾರ. ಆರ್ಡಿಸ್ ಮತ್ತು ಅವಳ ತಮ್ಮ ಲೈಮನ್ ಕೆರೆಯಲ್ಲಿ ತಾನಾಗಿ ಬೆಳೆಯುವ ಕಾಡುಭತ್ತ ತರಲು ಹೋದವರು ಮಧ್ಯಾಹ್ನಕ್ಕೇ ಮರಳಿದರು. ದೋಣಿಯ ತಳದಲ್ಲಿ ಒಂದು ಹಿಡಿಯೂ ಇರಲಿಲ್ಲ. ಲೈಮನ್ ನಿಂತು ಉದ್ದನೆಯ ಕೋಲಿನಿಂದ ದೋಣಿ ನೂಕುವುದು, ಆರ್ಡಿಸ್ ಕೂತು ಎರಡು ದೇವದಾರು ಕೋಲುಗಳಿಂದ ತೆನೆ ಬಗ್ಗಿಸಿ ಕಾಳು ದೋಣಿಗೆ ಉದುರುವಂತೆ ಮೆಲ್ಲಗೆ ತಟ್ಟುವುದು, ಐವತ್ತು ವರ್ಷ ಹೀಗೇ ನಡೆದಿತ್ತು. ಈ ಸಲ ತಟ್ಟಲು ತೆನೆಯೇ ಇರಲಿಲ್ಲ. ಬರೀ ನೀರು.

ಲೈಮನ್‌ನ ಮಗಳು ಜೋಲೀನ್ ಮನೆಯ ಮೆಟ್ಟಿಲ ಮೇಲೆ ಕಾಯುತ್ತಿದ್ದಳು. ಉತ್ತರ ಅಮೆರಿಕದ ಮೂಲನಿವಾಸಿಗಳಾದ ನಮ್ಮ ಓಜಿಬ್ವೆ ಜನರದೇ ಕಚೇರಿಯಲ್ಲಿ ಕೆರೆಗಳ ಕೆಲಸ ನೋಡುವವಳು.

"ಜೂನ್‌ನಲ್ಲಿ ಸರ್ಕಾರದವರು ಕೋಡಿ ಹತ್ರದ ಗೇಟು ಮುಚ್ಚಿದ್ರು, ಅತ್ತೆ. ಭತ್ತದ ಎಲೆ ನೀರ ಮೇಲೆ ತೇಲೋ ಹೊತ್ತು. ನೀರು ಒಂದಡಿ ಏರ್ತು, ಪೈರು ಬೇರು ಸಮೇತ ಕಿತ್ಕೊಂಡು ಹೋಯ್ತು."

"ನಮ್ಮನ್ನ ಒಂದು ಮಾತು ಕೇಳಬಾರದಿತ್ತಾ ಅವರು?" ಆರ್ಡಿಸ್ ಸಿಡುಕಿದಳು.

ಜೋಲೀನ್ ಚೀಲದಿಂದ ಒಂದು ಹಾಳೆ ತೆಗೆದಳು. "ಕೇಳಿದ್ರು. ನಾಲ್ಕು ವರ್ಷದ ಹಿಂದೆ. ಉತ್ತರ ನಿಮ್ಮದೇ."

'ಈ ಕೆರೆಯಲ್ಲಿ ಭತ್ತ ಬೆಳೆಯುವುದಿಲ್ಲ. ಇಲ್ಲಿಗೆ ಯಾರೂ ಬರುವುದಿಲ್ಲ.' ಕೆಳಗೆ ಆರ್ಡಿಸ್‌ಳ ಸಹಿ.

ಆಕೆ ಹಾಳೆಯನ್ನು ಮಡಿಲಲ್ಲಿಟ್ಟುಕೊಂಡು ಕೂತುಬಿಟ್ಟಳು. ಆಕೆಗೆ ಹನ್ನೆರಡು ವರ್ಷವಿದ್ದಾಗ ಸರ್ಕಾರದ ಕಾವಲಿನವನೊಬ್ಬ ಪರವಾನಗಿ ಇಲ್ಲವೆಂದು ಅಪ್ಪನ ದೋಣಿಯನ್ನು ಕೊಡಲಿಯಿಂದ ಒಡೆದಿದ್ದ, ಭತ್ತವನ್ನೆಲ್ಲ ನೀರಿಗೆ ಸುರಿದಿದ್ದ. ಅಂದಿನಿಂದ ಮನೆಯಲ್ಲಿ ಒಂದೇ ಪಾಠ: ಹೊರಗಿನವರು ಕೇಳಿದರೆ ಭತ್ತವಿಲ್ಲ ಅನ್ನು.

"ಅಪ್ಪ ಹೇಳಿಕೊಟ್ಟಿದ್ದನ್ನೇ ಬರೆದೆ ಕಣೇ."

"ನಾನೂ ಐವತ್ತು ವರ್ಷ ಮೀನಿಗೆ ಹೋಗ್ತೀನಿ ಅಂತಾನೇ ಹೇಳ್ಕೊಂಡು ಹೋದೆ," ಎಂದ ಲೈಮನ್. "ಒಂದು ಮೀನೂ ತರಲಿಲ್ಲ. ಊರವರು ಏನಂದ್ಕೊಂಡ್ರೋ."

"ನಿಂಗೆ ಮೀನು ಹಿಡಿಯೋಕೆ ಬರಲ್ಲ ಅಂದ್ಕೊಂಡ್ರು, ಅಪ್ಪ."

ಯಾರೂ ನಗಲಿಲ್ಲ.

"ಬುಧವಾರ ಮೇಲಿನ ಕೆರೆಯ ವಿಚಾರಣೆ," ಎಂದಳು ಜೋಲೀನ್. "ಅಲ್ಲೂ ಗೇಟು ಹಾಕ್ತಾರಂತೆ. ನಮ್ಮ ಭತ್ತ ಉಳಿದಿರೋದು ಅದೊಂದ್ರಲ್ಲೇ. ಅಲ್ಲಿ ಭತ್ತ ಇದೆ ಅಂತ ಬಂದು ಹೇಳಿ, ಅತ್ತೆ."

"ಹೇಳಿದ್ರೆ ದೋಚೋಕೆ ಬರ್ತಾರೆ. ಒಪ್ಪಂದ ಒಪ್ಪಂದ ಅಂತೀಯಲ್ಲ, ಆ ಕಾಗದ ಅಪ್ಪನ ದೋಣಿ ಉಳಿಸ್ತಾ?"

"ಉಳಿಸಲಿಲ್ಲ. ಆದ್ರೂ ಕೇಳಿ. ಮುತ್ತಜ್ಜಂದಿರು ಸರ್ಕಾರಕ್ಕೆ ನೆಲ ಬಿಟ್ಕೊಟ್ರು. ಬೇಟೆ, ಮೀನು, ಭತ್ತ ನಮಗೇ ಇರಲಿ ಅಂತ ಬರೆಸ್ಕೊಂಡ್ರು. ಕೋರ್ಟೂ ಅದನ್ನ ಒಪ್ಪಿದೆ. ಯಾವ ಕೆರೆ ಅಂತ ಕೇಳಿದಾಗ ನಾವು ಬಾಯಿ ಮುಚ್ಕೊಂಡ್ರೆ, ಅವರ ನಕ್ಷೇಲಿ ಅದು ಖಾಲಿ ಜಾಗ."

"ಹೇಳಿದ್ರೆ ಉಳಿಯುತ್ತಾ?"

"ಗೊತ್ತಿಲ್ಲ ಅತ್ತೆ. ಹೇಳದಿದ್ರೆ ಹೋಗುತ್ತೆ. ಅದು ಮಾತ್ರ ಗೊತ್ತು."

ಬುಧವಾರ ಆರ್ಡಿಸ್ ತಮ್ಮನ ಭುಜ ಹಿಡಿದು ಸಭೆಯಲ್ಲಿ ಎದ್ದು ನಿಂತಳು. ಹೊರಗಿನವರ ಎದುರು ಆ ಮೇಲಿನ ಕೆರೆಯ ಹೆಸರನ್ನು ಜೀವಮಾನದಲ್ಲೇ ಮೊದಲ ಸಲ ಹೇಳಿದಳು. ಧ್ವನಿ ಎಷ್ಟು ಸಣ್ಣದಿತ್ತೆಂದರೆ ಇನ್ನೊಮ್ಮೆ ಹೇಳಿ ಎಂದರು. ಹೇಳಿದಳು. ಕೆಳಗಿನ ಕೆರೆಯ ಬಗ್ಗೆ ತಾನು ಬರೆದದ್ದು ಸುಳ್ಳು ಎಂದೂ ಹೇಳಿದಳು. ಅದನ್ನು ತಿದ್ದಿಕೊಳ್ಳುವ ಕಾಲ ಮುಗಿದಿದೆ ಎಂದು ಅಧಿಕಾರಿ ಮೆತ್ತಗೆ ತಿಳಿಸಿದ.

ಮೇಲಿನ ಕೆರೆಯ ತೀರ್ಪು ಇನ್ನೂ ಬಂದಿಲ್ಲ. ಕೆಳಗಿನ ಕೆರೆಯ ಕೆಸರಿನಲ್ಲಿ ಕಾಳು ಉಳಿದಿದ್ದರೂ ಆ ಆಳದಲ್ಲಿ ಮೊಳೆತೀತೇ ಎಂದು ಯಾರಿಗೂ ಗೊತ್ತಿಲ್ಲ.

ನಿಮ್ಮ ಮನೆಯಲ್ಲೂ ಹೆಸರು ಹೇಳದ ಒಂದು ಕೆರೆ ಇರಬಹುದು. ನಮ್ಮ ಪದ್ಧತಿಯಂತೆ ಹಿರಿಯರ ಕೈಗೆ ಗೌರವದಿಂದ ಹೊಗೆಸೊಪ್ಪು ಕೊಟ್ಟು ಕೇಳಿ. ನಮ್ಮ ಕಚೇರಿಗೆ ಬಂದು ನಕ್ಷೆಯಲ್ಲಿ ಗುರುತು ಹಾಕಿಸಿ. ಎಲ್ಲ ಉಳಿಯುತ್ತದೆ ಎಂದು ನಾವು ಮಾತು ಕೊಡಲಾರೆವು. ಆದರೆ ಇಲ್ಲಿ ಯಾರೂ ಬರುವುದಿಲ್ಲ ಎಂಬ ಮಾತಿಗೆ ಇನ್ನು ನಮ್ಮವರೊಬ್ಬರ ಸಹಿಯೂ ಬೀಳದಿರಲಿ.