ಗುಂಗಿನ ಪೆಟ್ಟಿಗೆ

ಐವತ್ತಮೂರನೆಯ ವಯಸ್ಸಿನಲ್ಲಿ ಹಲ್ಲು ಕೀಳಿಸಿಕೊಳ್ಳಲು ಹೋದ ತಮ್ಮ, ಆ ಆಸ್ಪತ್ರೆಯ ನರ್ಸನ್ನೇ ಮದುವೆಯಾಗಿ ಕೂತರೆ ಅಣ್ಣನಾದವನು ಏನು ಮಾಡಬೇಕು ಹೇಳಿ? ಸಾಕ್ಷಿಗೆ ನಿಂತು ಸಹಿ ಹಾಕಿದ. ಹಲ್ಲು ಕಿರಿದು ಫೋಟೋ ತೆಗೆಸಿಕೊಂಡ. ಮನೆಗೆ ಬಂದು ಗೋಡೆ ನೋಡುತ್ತ ಕೂತ. ಮೂವತ್ತು ವರ್ಷ ಒಂದೇ ಬಾಡಿಗೆ ಮನೆಯಲ್ಲಿ, ಒಂದೇ ಒಲೆಯ ಮುಂದೆ ಕಿತ್ತಾಡಿಕೊಂಡು ಬದುಕಿದ ಇಬ್ಬರು ಬ್ರಹ್ಮಚಾರಿಗಳಲ್ಲಿ ಒಬ್ಬ ಹೀಗೆ ಕೈಕೊಟ್ಟರೆ ಇನ್ನೊಬ್ಬನಿಗೆ ಉಳಿಯುವುದೇನು, ಮಣ್ಣು!

ಅಣ್ಣ ಸ್ಟೀಲ್ ಗಿಟಾರ್ ಬಾರಿಸುವವನು. ಮೇಜಿನ ಹಾಗೆ ಕಾಲೂರಿ ನಿಲ್ಲುವ ವಾದ್ಯ ಅದು. ಎಡಗೈಯಲ್ಲಿ ಉಕ್ಕಿನ ತುಂಡು ಹಿಡಿದು ತಂತಿಗಳ ಮೇಲೆ ಜಾರಿಸಬೇಕು, ಬಲಗೈಯಲ್ಲಿ ಮೀಟಬೇಕು, ಬಲಗಾಲಲ್ಲಿ ದನಿ ಏರಿಸಿ ಇಳಿಸುವ ಪೆಡಲ್ ಒತ್ತುತ್ತಿರಬೇಕು. ತಮ್ಮ ಪಕ್ಕದಲ್ಲಿ ಕೂತು ಮಾಮೂಲಿ ಗಿಟಾರಿನಲ್ಲಿ ಜೊತೆ ಕೊಡುತ್ತಿದ್ದ. ಅವನು ಲಿಫ್ಟ್ ರಿಪೇರಿಯವನು. ಆಂಪ್ಲಿಫೈಯರ್, ವೈರು, ಪ್ಲಗ್ಗು ಎಲ್ಲ ಅವನದೇ ಕಾರುಬಾರು. "ನೀನು ಬಾರ್ಸಣ್ಣ. ವೈರಿಗೆ ಮಾತ್ರ ಕೈ ಹಾಕ್ಬೇಡ, ಸುಟ್ಟುಹಾಕ್ತೀಯ" ಎನ್ನುತ್ತಿದ್ದ. ಅಣ್ಣ ಮೂವತ್ತು ವರ್ಷ ಕೈ ಹಾಕಿರಲಿಲ್ಲ.

ಮನೆ ಬಿಟ್ಟು ಹೊರಡುವ ದಿನ ತಮ್ಮ ಒಂದು ರಟ್ಟಿನ ಡಬ್ಬಿ ತಂದುಕೊಟ್ಟ. ಒಳಗೆ ಎಫೆಕ್ಟ್ಸ್ ಪೆಟ್ಟಿಗೆ. ಬಾರಿಸಿದ ಸ್ವರ ದೊಡ್ಡ ಹಾಲಿನಲ್ಲಿ ಸುತ್ತಾಡಿ ಬಂದಂತೆ ಅದಕ್ಕೊಂದು ಗುಂಗು ಕೂಡಿಸುವ ಯಂತ್ರ. "ನಾನಿಲ್ದಿದ್ರೂ ತುಂಬ್ಕೊಂಡು ಕೇಳ್ಸುತ್ತೆ ನೋಡು" ಅಂದ. ಅಣ್ಣನಿಗೆ ಮೈಯೆಲ್ಲ ಉರಿದುಹೋಯಿತು. ತಮ್ಮನ ಬದಲಿಗೆ ಡಬ್ಬಿಯಂತೆ, ಡಬ್ಬಿ! ಅದನ್ನು ಮಂಚದ ಕೆಳಗೆ ತಳ್ಳಿದವನು ನಾಲ್ಕು ತಿಂಗಳು ಅತ್ತ ತಿರುಗಿ ನೋಡಲಿಲ್ಲ. ತಾನಾಗಿ ಫೋನೂ ಮಾಡಲಿಲ್ಲ. ತಮ್ಮನೇ ಮಾಡಿದರೆ "ಹೂಂ", "ಚೆನ್ನಾಗಿದೀನಿ", "ಇಡ್ತೀನಿ", ಇಷ್ಟೇ. ಫೋನ್ ಇಟ್ಟಮೇಲೆ ಇನ್ನೆರಡು ಮಾತಾಡಬಹುದಿತ್ತಲ್ಲ ಅಂತ ತನಗೆ ತಾನೇ ಬೈದುಕೊಳ್ಳುತ್ತಿದ್ದ.

ಅಷ್ಟರಲ್ಲಿ ಹೋಟೆಲಿನ ಮ್ಯಾನೇಜರ್ ಬಾಯಿಬಿಟ್ಟ. ಶನಿವಾರ ಸಂಜೆ ಅಲ್ಲಿನ ಊಟದ ಹಾಲಿನಲ್ಲಿ ಬಾರಿಸುವುದು ಅಣ್ಣನ ಕೆಲಸ. ಅಲ್ಲಿಯವರೆಲ್ಲ ಬೆನ್ನ ಹಿಂದೆ ಅವನನ್ನು ಗೊಣಗಪ್ಪ ಎನ್ನುತ್ತಾರೆ, ಅದು ಅವನಿಗೂ ಗೊತ್ತು. "ಒಬ್ರೇ ಬಾರ್ಸೋದು ತೀರಾ ಒಣಕಲಾಗಿದೆ ಸಾರ್. ಈ ವಾರ ಎಕೋ ಗಿಕೋ ಏನಾದ್ರೂ ಹಾಕಿ. ಇಲ್ಲಾಂದ್ರೆ ಕೀಬೋರ್ಡಿನವ್ರನ್ನ ಕರೀಬೇಕಾಗುತ್ತೆ."

ಗುರುವಾರ ಮಧ್ಯಾಹ್ನ ಅಣ್ಣ ಗೊಣಗಿಕೊಂಡೇ ಮಂಚದ ಕೆಳಗೆ ನುಸುಳಿ, ಸೀನಿ, ತಲೆ ಗುದ್ದಿಸಿಕೊಂಡು ಡಬ್ಬಿ ಎಳೆದ. ಗಿಟಾರಿನಿಂದ ಪೆಟ್ಟಿಗೆಗೆ ಒಂದು ವೈರು, ಪೆಟ್ಟಿಗೆಯಿಂದ ಪೆಡಲಿಗೆ ಇನ್ನೊಂದು, ಪೆಡಲಿನಿಂದ ಆಂಪ್ಲಿಫೈಯರಿಗೆ ಮತ್ತೊಂದು. ಮೀಟಿದ. ಗುಂಗೇನೋ ಬಂತು. ಆದರೆ ಪೆಡಲಿನಿಂದ ಕಾಲೆತ್ತಿದ ಕೂಡಲೇ ಕತ್ತು ಹಿಸುಕಿದಂತೆ ನಿಂತುಹೋಯಿತು. ಪೆಟ್ಟಿಗೆಯ ತಿರುಪು ತಿರುಗಿಸೋಣ ಎಂದರೆ ಎರಡು ಕೈಗೂ ಕಾಲಿಗೂ ಕೆಲಸ. ಮೀಟಿ, ಎದ್ದು, ಓಡಿ ತಿರುಗಿಸುವಷ್ಟರಲ್ಲಿ ಕೇಳಲು ಸ್ವರವೇ ಇರುತ್ತಿರಲಿಲ್ಲ. ಹತ್ತು ಸಲ ಹೀಗೆ ಎದ್ದು ಕೂತು ಸೊಂಟ ಹಿಡಿದುಕೊಂಡಿತು.

ಫೋನಿನ ಕಡೆ ನೋಡಿದ. ತೆಗೆದುಕೊಂಡ, ಇಟ್ಟ, ಮತ್ತೆ ತೆಗೆದುಕೊಂಡ. ಸುಳ್ಳೇಕೆ, ಪೆಟ್ಟಿಗೆ ಕೆಟ್ಟದ್ದಕ್ಕೆ ಅವನಿಗೆ ಒಳಗೊಳಗೇ ಖುಷಿಯೇ ಆಗಿತ್ತು. ನೆಪ ಸಿಕ್ಕಿತ್ತಲ್ಲ!

"ಏನೋ ನಿನ್ನ ದರಿದ್ರದ ಡಬ್ಬಿ, ಕೆಲ್ಸಾನೇ ಮಾಡಲ್ಲ!"

"ಅಣ್ಣಾ! ನೀನೇ ಫೋನ್ ಮಾಡಿದೀಯ?" ತಮ್ಮನ ದನಿ ಅರಳಿತು. "ಏನಾಗುತ್ತೆ ಹೇಳು. ಕಾಲೆತ್ತಿದ್ರೆ ಗುಂಗು ಸಾಯುತ್ತಾ?"

"ಹೂಂ."

"ಪೆಡಲ್‌ಗಿಂತ ಮುಂಚೆ ಸೇರಿಸಿದೀಯ ನೀನು. ನಲ್ಲಿ ಮುಚ್ಚಿದ್ರೆ ಹಿಂದಿನ ನೀರು ಹೇಗಣ್ಣ ಬರುತ್ತೆ? ಗಿಟಾರು, ಪೆಡಲು ನೇರ ಆಂಪ್‌ಗೆ ಹೋಗ್ಲಿ. ಆಂಪ್ ಹಿಂದ್ಗಡೆ ಎರಡು ತೂತಿದೆ ನೋಡು. ಒಂದು ಕಳ್ಸೋದು, ಒಂದು ವಾಪಸ್ ತಗೊಳ್ಳೋದು. ಪೆಟ್ಟಿಗೆ ಅವೆರಡರ ಮಧ್ಯ ಇರ್ಬೇಕು. ಆಗ ನೀನು ಕಾಲೆತ್ತಿದ್ರೂ, ಒಳಗೆ ಹೋಗಿರೋ ಸ್ವರ ತನ್ನ ಪಾಡಿಗೆ ತಾನು ತಿರುಗ್ತಾ ಇರುತ್ತೆ."

ಅಣ್ಣ ಮಂಡಿಯೂರಿ ಸೇರಿಸಿದ. ಈ ಸಲ ಗುಂಗಿರಲಿ, ಗಿಟಾರಿನ ದನಿಯೂ ಇಲ್ಲ. ಪೂರ್ತಿ ಮೂಕ.

"ನಿಮ್ಮಪ್ಪನಾಣೆ, ಸುಟ್ಟೇ ಹೋಯ್ತು" ಅಂದ.

"ನಮ್ಮಪ್ಪ ನಿಂಗೂ ಅಪ್ಪನೇ" ಎಂದು ತಮ್ಮ ನಕ್ಕ. "ನಾಳೆ ಸಂಜೆ ಬಂದು ಮಾಡ್ಕೊಡ್ತೀನಿ ಬಿಡು. ರಾತ್ರಿ ಅಲ್ಲೇ ಇರ್ತೀನಿ. ನೀನು ಮಾತ್ರ ಕೈ ಹಾಕ್ಬೇಡ."

ಫೋನ್ ಇಟ್ಟವನೇ ಅಣ್ಣ ಮನೆ ಗುಡಿಸಿದ. ತಮ್ಮನ ಕುರ್ಚಿಯ ಮೇಲೆ ನಾಲ್ಕು ತಿಂಗಳಿಂದ ಗುಡ್ಡೆಬಿದ್ದಿದ್ದ ಬಟ್ಟೆಯೆಲ್ಲ ಮಡಿಸಿಟ್ಟ. ಹಾಸಿಗೆಯ ಧೂಳು ಕೊಡವಿದ, ತಲೆದಿಂಬಿಗೆ ಒಗೆದ ಕವರು ಹಾಕಿದ. ಬಚ್ಚಲಿನ ಬಕೆಟ್ಟನ್ನೂ ತಿಕ್ಕಿದನೆಂದರೆ ನೀವೇ ಲೆಕ್ಕ ಹಾಕಿ.

ಶುಕ್ರವಾರ ಬೆಳಗ್ಗೆ ಹತ್ತಕ್ಕೆಲ್ಲ ಮಾಡಲು ಏನೂ ಉಳಿದಿರಲಿಲ್ಲ. ಸಂಜೆಯೋ ಬರುವ ಲಕ್ಷಣವೇ ಇಲ್ಲ. ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆದರೆ ಸುಮ್ಮನಿರುವ ಜಾಯಮಾನ ಅವನದಲ್ಲವಲ್ಲ! ನೋಡುವುದಷ್ಟೇ, ಮುಟ್ಟುವುದಿಲ್ಲ ಎಂದುಕೊಂಡು ಟಾರ್ಚ್ ಹಿಡಿದು ಆಂಪ್ಲಿಫೈಯರಿನ ಹಿಂದೆ ಬಗ್ಗಿದ. ತೂತುಗಳ ಮೇಲಿನ ಅಕ್ಷರ ಸವೆದಿತ್ತು. ಬೆರಳಿಗೆ ಉಗುಳು ಹಚ್ಚಿ ಒರೆಸಿ, ಕನ್ನಡಕ ಮೇಲೆ ಕೆಳಗೆ ಮಾಡಿ ಓದಿದ. ಅಯ್ಯೋ ಪೆದ್ದೇ! ಕಳಿಸುವುದಕ್ಕೆ ತಗೊಳ್ಳುವ ವೈರು, ತಗೊಳ್ಳುವುದಕ್ಕೆ ಕಳಿಸುವ ವೈರು. ಎರಡನ್ನೂ ಕಿತ್ತು ಅದಲುಬದಲು ಮಾಡಿದ. ತಿರುಪುಗಳನ್ನೆಲ್ಲ ಅರ್ಧಕ್ಕೆ ನಿಲ್ಲಿಸಿ ಬಂದು ಕೂತು ಒಂದು ಸ್ವರ ಮೀಟಿದ.

ಕಾಲೆತ್ತಿದ. ಸ್ವರ ನಿಲ್ಲಲಿಲ್ಲ. ಆ ಹತ್ತಡಿ ಕೋಣೆ ಯಾವುದೋ ದೊಡ್ಡ ಸಭಾಂಗಣವಾದಂತೆ ತುಂಬಿಕೊಂಡು, ನಿಧಾನವಾಗಿ, ತನಗೆ ಬೇಕಾದಷ್ಟು ಹೊತ್ತು ಇದ್ದು ಹೋಯಿತು. ಅವನ ಕಣ್ಣಲ್ಲಿ ನೀರು ಬಂತು. "ಭಲೇ ಗೊಣಗಪ್ಪ!" ಎಂದು ಗಟ್ಟಿಯಾಗಿ ಹೇಳಿ ತೊಡೆ ತಟ್ಟಿಕೊಂಡ. ಅರುವತ್ತರ ಹತ್ತಿರ ಬಂದು ಮೊದಲ ಸಲ ತನ್ನ ಕೈಯಾರೆ ವೈರಿನ ತಪ್ಪು ಹುಡುಕಿ ಸರಿಮಾಡಿದ್ದ!

ಆಗಲೇ ಫೋನ್ ಬಂತು.

"ಅಣ್ಣ, ಸಂಜೆ ಬರೋವಾಗ ಯಾವ್ದಾದ್ರೂ ವೈರು ತರ್ಲಾ?"

"ವೈರೂ ಬೇಡ, ಗೈರೂ ಬೇಡ! ಆಗೋಯ್ತು ಕಣೋ, ನಾನೇ ಮಾಡ್ದೆ! ಕೇಳು ಬೇಕಾದ್ರೆ!"

"ಹೌದಾ? ಅಬ್ಬಾ, ಬಚಾವ್! ಇವತ್ತು ಇವಳಿಗೆ ರಜ, ಎಲ್ಲಾದ್ರೂ ಹೋಗೋಣ ಅಂತಿದ್ಳು. ನಿನ್ನ ಕೆಲ್ಸ ಇದೆ, ಆಗಲ್ಲ ಅಂದಿದ್ದೆ. ಹಾಗಾದ್ರೆ ನಾನು ಬರ್ಬೇಕಾಗಿಲ್ಲ ಅಲ್ವಾ?"

ಅಣ್ಣ ನಾಲಿಗೆ ಕಚ್ಚಿಕೊಂಡ. ಹಾಳು ಬಾಯಿ! ಒಂದು ದಿನ ಕೊಚ್ಚಿಕೊಳ್ಳದೆ ಇದ್ದಿದ್ದರೆ ಗಂಟೇನು ಹೋಗುತ್ತಿತ್ತು?

"ಆದ್ರೂ ಬಾ" ಅಂದ.

"ಯಾಕಣ್ಣ, ಇನ್ನೇನಾದ್ರೂ ಕೆಟ್ಟಿದೆಯಾ?"

ಅಣ್ಣ ಕೋಣೆಯ ಸುತ್ತ ಕಣ್ಣಾಡಿಸಿದ. ಫ್ಯಾನ್ ತಿರುಗುತ್ತಿತ್ತು. ನಲ್ಲಿ ಸೋರುತ್ತಿರಲಿಲ್ಲ. ಸ್ವಿಚ್ಚು, ಬಾಗಿಲ ಚಿಲಕ, ಗಡಿಯಾರ, ಯಾವುದಕ್ಕೂ ಏನೂ ಆಗಿರಲಿಲ್ಲ. ಒಂದು ಸುಳ್ಳು ಹೇಳೋಣವೆಂದರೆ ಅದೂ ಬಾಯಿಗೆ ಬರಲಿಲ್ಲ.

"ಏನೂ ಕೆಟ್ಟಿಲ್ಲ ಕಣೋ" ಅಂದ. "ಒಬ್ನೇ ಇರೋಕೆ ಆಗ್ತಿಲ್ಲ ನಂಗೆ. ಸುಮ್ನೆ ಬಂದು ಕೂತ್ಕೊಂಡು ಹೋಗು."

ಹುಟ್ಟಿದಾಗಿನಿಂದ ತಮ್ಮನಿಗೆ ಇಂಥ ಮಾತು ಅವನು ಆಡಿರಲಿಲ್ಲ. ಅತ್ತ ತಮ್ಮನ ಹಿಂದಿನಿಂದ ಯಾರೋ "ಏನಂತೆ?" ಎಂದು ಕೇಳಿದ್ದು ಕೇಳಿಸಿತು.

"ಇವಳನ್ನ ಕೇಳಿ ಫೋನ್ ಮಾಡ್ತೀನಣ್ಣ" ಎಂದು ತಮ್ಮ ಮೆಲ್ಲಗೆ ಹೇಳಿ ಇಟ್ಟ.

ನಾಳೆ ಬಾರಿಸಬೇಕಾದ್ದನ್ನು ಅಣ್ಣ ಒಂದು ಸಲವೂ ಅಭ್ಯಾಸ ಮಾಡಿರಲಿಲ್ಲ. ಹೋಗಿ ಕೂತ. ಉಕ್ಕಿನ ತುಂಡು ಹಿಡಿದು ನಾಲ್ಕು ಸ್ವರ ಬಾರಿಸಿದ. ಗುಂಗು ಮನೆಯೆಲ್ಲ ಆವರಿಸಿತು. ಇಷ್ಟು ಸದ್ದಿನಲ್ಲಿ ಫೋನ್ ಹೊಡೆದುಕೊಂಡರೆ ಕೇಳಿಸೀತೇ? ಎದ್ದುಹೋಗಿ ಆಂಪ್ಲಿಫೈಯರ್ ಆರಿಸಿದ. ಫ್ಯಾನನ್ನೂ ಆರಿಸಿದ. ಫೋನನ್ನು ತೊಡೆಯ ಮೇಲಿಟ್ಟುಕೊಂಡು ಕುರ್ಚಿಯಲ್ಲಿ ಕೂತವನು, ಸಂಜೆ ಐದಾದರೂ ಅಲ್ಲಿಂದ ಏಳಲಿಲ್ಲ.