ಫ್ರೀಜರ್‌ವರೆಗಿನ ಓಟ

ಮಾರ್ಲಾ ಓಡದೆ ಮೂರು ವಾರವಾಗಿತ್ತು. ಶಾಲೆಯ ಅಡುಗೆಮನೆಯ ಕೆಲಸಕ್ಕೆ ಹೋಗುವ ಮುಂಚೆ ನದಿಯ ಪಕ್ಕದ ದಾರಿಯಲ್ಲಿ ಓಡುವ ಒಂದು ಗಂಟೆ, ಇಡೀ ದಿನದಲ್ಲಿ ಅವಳದು ಎನ್ನುವಂಥದ್ದು ಅದೊಂದೇ. ಅದನ್ನು ರಾಯ್ಸ್ ಕಸಿದುಕೊಂಡಿದ್ದ. ಚಳಿಗಾಲದಲ್ಲಿ ಅವನ ಜೊತೆ ಎರಡು ಸಲ ಊಟಕ್ಕೆ ಹೋಗಿದ್ದಳು, ಮೂರನೆಯ ಸಲ ಬರುವುದಿಲ್ಲ ಎಂದಿದ್ದಳು. ಆಮೇಲೆ ಬೆಳಗಿನ ಮಬ್ಬಿನಲ್ಲಿ ಅವನ ಪಿಕಪ್ ಗಾಡಿ ಅವಳ ಹಿಂದೆ ಬರತೊಡಗಿತು. ಹಾರನ್ ಇಲ್ಲ, ಮಾತಿಲ್ಲ. ಟೈರಿನಡಿ ಜಲ್ಲಿ ಪುಡಿಯಾಗುವ ಸದ್ದು ಮಾತ್ರ. ಪೊಲೀಸಿನವನಿಗೆ ಹೇಳಿದರೆ, ಮೈಮುಟ್ಟಿದ್ದಾನೆಯೇ ಎಂದು ಕೇಳಿದ. ಇಲ್ಲ ಎಂದಳು. ರಸ್ತೆ ಎಲ್ಲರದ್ದಲ್ಲವೇ ಎಂದು ಅವನು ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡ.

ವರ್ಲ್‌ನ ಅಂಗಡಿಗೆ ಅವಳನ್ನು ಎಳೆದುಕೊಂಡು ಹೋದವಳು ಅಕ್ಕ ಡೀನಾ. ಮುಂಭಾಗದಲ್ಲಿ ಕಾಫಿ ಮತ್ತು ನಾಲ್ಕು ಕುರ್ಚಿ, ನಡುವೆ ಬಂದೂಕು, ಕೊನೆಯಲ್ಲಿ ಮೀನಿನ ಗಾಳಕ್ಕೆ ಸಿಕ್ಕಿಸುವ ಹುಳ ಮತ್ತು ಐಸ್ ತುಂಬಿದ ಫ್ರೀಜರ್. ವರ್ಲ್ ಭಾನುವಾರ ಚರ್ಚಿನಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದುದರಿಂದ ಊರಿಗೆಲ್ಲ ಮೇಷ್ಟ್ರು. ಓಡುವಾಗ ಇಟ್ಟುಕೊಳ್ಳಲು ಚಿಕ್ಕದೊಂದು ಪಿಸ್ತೂಲು ಬೇಕು ಎಂದಳು ಮಾರ್ಲಾ. ಯಾರ ಹೆಸರನ್ನೂ ಹೇಳಲಿಲ್ಲ. ಮೇಷ್ಟ್ರು ತಾನೇ ಅರ್ಥ ಮಾಡಿಕೊಂಡವನಂತೆ, ಈಗೀಗ ಹೊರಗಿನಿಂದ ಎಂಥೆಂಥವರೋ ಬಂದು ಸೇರುತ್ತಿದ್ದಾರೆ ಎಂದು ತಲೆಯಾಡಿಸಿದ.

"ಹೆಣ್ಣುಮಕ್ಕಳಿಗೆ ಅಂತ ಗುಲಾಬಿ ಬಣ್ಣದ್ದೂ ಇದೆ ಕಣಮ್ಮ."

"ಅವಳೇನು ಬರ್ತ್‌ಡೇಗೆ ಹೋಗ್ತಿದ್ದಾಳಾ ಮೇಷ್ಟ್ರೇ?" ಎಂದಳು ಡೀನಾ.

ಮೊದಲನೆಯದು ಅಂಗೈಯೊಳಗೆ ಅಡಗುವಷ್ಟಿತ್ತು. ಮಾರ್ಲಾಗೆ ಅದೇ ಇಷ್ಟವಾಯಿತು. ಆದರೆ ಗುಂಡು ಏರಿಸಲು ಅದರ ಮೇಲ್ಭಾಗವನ್ನು ಹಿಂದಕ್ಕೆ ಎಳೆಯಬೇಕು, ಅದು ಅಲುಗಲೇ ಇಲ್ಲ. ಪಿಸ್ತೂಲು ಚಿಕ್ಕದಾದಷ್ಟೂ ಸ್ಪ್ರಿಂಗ್ ಬಿಗಿಯಾಗಿರುತ್ತದೆ, ಚಿಕ್ಕದು ಅಂದರೆ ಸುಲಭ ಅಂತ ಎಲ್ಲರೂ ಮೋಸಹೋಗುತ್ತಾರೆ ಎಂದು ಮೇಷ್ಟ್ರು ನಕ್ಕ. ಎರಡನೆಯದರ ಮೇಲ್ಭಾಗ ಬೆಣ್ಣೆಯಂತೆ ಜಾರಿತು, ಆದರೆ ಪಿಸ್ತೂಲಿನ ಭಾರಕ್ಕೆ ಅವಳು ಹಾಕಿಕೊಂಡು ಬಂದಿದ್ದ ಓಟದ ಚಡ್ಡಿ ಸೊಂಟದಿಂದ ಕೆಳಗಿಳಿಯಿತು. ಮೂರನೆಯದು ಬೂದು ಬಣ್ಣದ್ದು, ತೆಳ್ಳಗಿನದು, ಹಗುರ. ಹಲ್ಲು ಕಚ್ಚಿ ಎಳೆದರೆ ಬರುತ್ತಿತ್ತು.

"ಇದೇ ಇರಲಿ. ಹೊರಗೆ ಮಾತ್ರ ಕಾಣಬಾರದು ಮೇಷ್ಟ್ರೇ. ನನ್ನ ಹತ್ರ ಇದೆ ಅಂತ ಗೊತ್ತಾದ್ರೆ ಇದ್ದೂ ಇಲ್ಲದಂಗೆ."

ಸೊಂಟಕ್ಕೆ ಸುತ್ತುವ ಎಲಾಸ್ಟಿಕ್ ಪಟ್ಟಿಯೊಂದನ್ನು ಅವನು ಕೊಟ್ಟ. ಗುಂಡಿಲ್ಲದ ಪಿಸ್ತೂಲನ್ನು ಅದರೊಳಗೆ ತುರುಕಿ, ಮೇಲೆ ಬನಿಯನ್ ಇಳಿಬಿಟ್ಟು, ಫ್ರೀಜರ್ ಮುಟ್ಟಿ ಓಡಿ ಬಾ ಎಂದ. ಓಟಕ್ಕೆಂದು ಕೊಳ್ಳಲು ಬರುವ ಹೆಂಗಸರನ್ನೆಲ್ಲ ಅವನು ಹೀಗೆಯೇ ಓಡಿಸುತ್ತಿದ್ದ. ನಿಂತಾಗ ಎಲ್ಲವೂ ಸರಿಯಾಗಿಯೇ ಕೂರುತ್ತದೆ ಎನ್ನುವುದು ಅವನ ವಾದ. ಮಾರ್ಲಾಗೆ ನಾಚಿಕೆಯಾಯಿತು. ಆದರೂ ಓಡಿದಳು. ಎಡಗಡೆ, ಮುಂಭಾಗದಲ್ಲಿ, ಪಿಸ್ತೂಲು ಹೊಟ್ಟೆಗೆ ತಣ್ಣಗೆ ಒತ್ತುತ್ತಿತ್ತು. ಮೂರನೆಯ ಸುತ್ತಿನಲ್ಲಿ ಫ್ರೀಜರ್ ಮುಟ್ಟಿ ತಿರುಗಿದರೆ, ಕಾಫಿ ಪಾತ್ರೆಯ ಪಕ್ಕದಲ್ಲಿ ಲೋಟ ಹಿಡಿದು ರಾಯ್ಸ್ ನಿಂತಿದ್ದ.

ಕಾಲು ನಿಂತುಬಿಟ್ಟಿತು. ಡೀನಾಳ ಮುಖ ಬಿಳಿಚಿತ್ತು. ಮೇಷ್ಟ್ರು ಮಾತ್ರ ಖುಷಿಯಿಂದಲೇ, ನಿನ್ನ ಕಣ್ಣು ಸೂಕ್ಷ್ಮ, ಸ್ವಲ್ಪ ನೋಡಿ ಹೇಳಪ್ಪ, ಪಿಸ್ತೂಲು ಇರುವುದು ಗೊತ್ತಾಗುತ್ತದೆಯೇ ಎಂದು ಅವನನ್ನೇ ಕೇಳಿದ.

ರಾಯ್ಸ್ ಕಾಫಿ ಊದಿದ. ಅವಸರವೇ ಇರಲಿಲ್ಲ ಅವನಿಗೆ.

"ಎಡಗಡೆ ಇದೆ. ತಿರುಗುವಾಗ ಉಬ್ಬುತ್ತೆ. ಸ್ವಲ್ಪ ಹಿಂದಕ್ಕೆ ಹಾಕ್ಕೊ ಮಾರ್ಲಾ, ಅಲ್ಲಾದ್ರೆ ಯಾರಿಗೂ ಕಾಣಲ್ಲ."

ಸರಿಯಾದ ಮಾತು ಎಂದ ಮೇಷ್ಟ್ರು.

ಡೀನಾ ತಂಗಿಯ ತೋಳು ಹಿಡಿದು, ಬಾರೇ ಹೋಗೋಣ ಎಂದಳು. ಮಾರ್ಲಾ ಅಲುಗಲಿಲ್ಲ. ಲೋಟ ಮುಗಿಸಿ ರಾಯ್ಸ್ ಹೊರಟ ಮೇಲೆ ಅವಳು ಮೇಷ್ಟ್ರನ್ನು ಕೇಳಿದಳು.

"ಅವನ ಹತ್ರ ಯಾವುದಿದೆ?"

"ರಾಯ್ಸ್‌ದಾ? ದೊಡ್ಡದು. ನಾನೇ ಮಾರಿದ್ದು."

"ಅವನನ್ನೂ ಫ್ರೀಜರ್‌ವರೆಗೆ ಓಡಿಸಿದ್ರಾ?"

ಅವಳು ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡು ಮೇಷ್ಟ್ರು ಮನಸಾರೆ ನಕ್ಕ. ಅವನು ಯಾಕಮ್ಮ ಓಡ್ತಾನೆ ಎಂದ. ಬಂದೂಕು ಕೊಳ್ಳುವವರು ತುಂಬಬೇಕಾದ ಸರ್ಕಾರದ ಫಾರಂ ಮುಂದಿಟ್ಟ. ಆ ಬಾಗಿಲಿನಿಂದ ಬರಿಗೈಯಲ್ಲಿ ಹೋಗುವುದೆಂದರೆ ನದಿಯ ದಾರಿಯನ್ನು ರಾಯ್ಸ್‌ಗೇ ಬರೆದುಕೊಟ್ಟಂತೆ ಎನಿಸಿ ಮಾರ್ಲಾ ಸಹಿ ಹಾಕಿದಳು.

ಮರುದಿನ ಬೆಳಿಗ್ಗೆ ಗುಂಡು ತುಂಬಿ, ಪಟ್ಟಿ ಬಿಗಿದು ಹೊರಟಳು. ರಾಯ್ಸ್ ಹೇಳಿದಂತೆ ಹಿಂದಕ್ಕಲ್ಲ, ಬೇಕೆಂದೇ ಎಡಗಡೆ ಮುಂಭಾಗದಲ್ಲೇ ಸಿಕ್ಕಿಸಿಕೊಂಡಿದ್ದಳು. ಮೊದಲ ಮೈಲಿ ಎಷ್ಟು ಚೆನ್ನಾಗಿತ್ತೆಂದರೆ ಅಳು ಬಂತು. ಸೇತುವೆಯ ತಿರುವಿನಲ್ಲಿ ಪಿಕಪ್ ನಿಂತಿತ್ತು. ಈ ಸಲ ಅವಳ ಹಿಂದಲ್ಲ, ಎದುರಿಗೆ. ಅವಳು ನಿಲ್ಲಲಿಲ್ಲ. ಕೈ ಎಲ್ಲಿಗೆ ಹೋಗಬೇಕು, ಬನಿಯನ್ ಹೇಗೆ ಎತ್ತಬೇಕು ಎನ್ನುವುದನ್ನು ಹಿಂದಿನ ಸಂಜೆ ಕನ್ನಡಿಯ ಮುಂದೆ ನಲವತ್ತು ಸಲ ಮಾಡಿದ್ದಳು.

ಗಾಜು ಇಳಿದಿತ್ತು. ರಾಯ್ಸ್ ಅವಳ ಮುಖ ನೋಡಲಿಲ್ಲ, ಸೊಂಟದ ಎಡಭಾಗವನ್ನು ನೋಡಿದ. ಆಮೇಲೆ ಸ್ಟಿಯರಿಂಗ್ ಮೇಲಿದ್ದ ಕೈಯಿಂದ ಎರಡು ಬೆರಳು ಎತ್ತಿದ. ಆ ಸೀಮೆಯಲ್ಲಿ ಎದುರು ಬಂದ ಗಾಡಿಯವರೆಲ್ಲ ನಮಸ್ಕಾರಕ್ಕೆಂದು ಮಾಡುವುದು ಅದೇ. ಗುರುತಿರಲಿ ಬಿಡಲಿ, ಮರಳಿ ಕೈ ಎತ್ತದವರು ಅಲ್ಲಿ ಹುಟ್ಟಿದವರೇ ಅಲ್ಲ.

ಅವಳು ಗಾಡಿಯನ್ನು ದಾಟಿದಳು. ಹತ್ತು ಹೆಜ್ಜೆ ಹೋದ ಮೇಲೆ ತನ್ನ ಬಲಗೈ ಕಣ್ಣಿಗೆ ಬಿತ್ತು. ಅದು ಪಿಸ್ತೂಲಿನ ಮೇಲಿರಲಿಲ್ಲ. ಅವನಿಗೆ ಮರುನಮಸ್ಕಾರ ಹೇಳಿ, ಇನ್ನೂ ಗಾಳಿಯಲ್ಲೇ ನಿಂತಿತ್ತು.

ಹಿಂದೆ ಎಂಜಿನ್ ಶುರುವಾಯಿತು. ಜಲ್ಲಿ ಪುಡಿಯಾಗತೊಡಗಿತು.