ಕಣ್ಣು ಮುಚ್ಚಿ ಕೇಳುವ ಅತ್ತೆ

ಯಾರಾದರೂ ಇಂಗ್ಲಿಷಿನಲ್ಲಿ ಮಾತು ತೆಗೆದರೆ ಸಾಕು, ನನ್ನ ಸೋದರತ್ತೆಯ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಅರಿಯದವರು ನಿದ್ದೆಯೆಂದುಕೊಳ್ಳುತ್ತಿದ್ದರು. ಬಂದರಿನ ರೇಡಿಯೋ ಕೋಣೆಯಲ್ಲಿ ಇಪ್ಪತ್ತಾರು ವರ್ಷ ಕೂತು ನಾನಾ ದೇಶಗಳ ಹಡಗುಗಳನ್ನು ದಡಕ್ಕೆ ಕರೆತಂದ ಅವರು, ಇಂಗ್ಲಿಷು ಒಂದೇ ಭಾಷೆಯೆಂದು ಎಂದೂ ಒಪ್ಪಿದವರಲ್ಲ. ಒಬ್ಬನದು ಗಂಟಲಲ್ಲಿ ಉರುಳುವ ಇಂಗ್ಲಿಷು, ಇನ್ನೊಬ್ಬನದು ಮೂಗಿನಲ್ಲಿ ಹಾಡುವಂಥದು, ಮತ್ತೊಬ್ಬ ಪದದ ಬಾಲವನ್ನೇ ನುಂಗಿಬಿಡುವ ಮಹಾಶಯ. ಅತ್ತೆಯದೋ, ಪ್ರತಿ ಅಕ್ಷರಕ್ಕೂ ಮಣೆ ಹಾಕಿ ಕೂರಿಸುವ ಅಚ್ಚ ನಮ್ಮ ಮನೆಯ ಇಂಗ್ಲಿಷು. ಅದನ್ನು ಅವರು ಯಾರಿಗಾಗಿಯೂ ಬದಲಿಸಲಿಲ್ಲ.

ಅವರದೊಂದು ಹಟವಿತ್ತು. ಹೊಸ ದನಿ ಕೇಳಿದೊಡನೆ ದಾರಿಯ ಮಾತೆತ್ತದೆ, "ಬೆಳಗ್ಗೆ ಏನು ತಿಂದ್ರಿ ಕ್ಯಾಪ್ಟನ್?" ಎಂದು ವಿಚಾರಿಸುವುದು. ಆತ ತಿಂಡಿಯನ್ನು ವರ್ಣಿಸುವಷ್ಟರಲ್ಲಿ ಅವನ ಉಚ್ಚಾರದ ಜಾತಕವೇ ಇವರ ಕಿವಿಗೆ ಸಿಕ್ಕಿರುತ್ತಿತ್ತು.

ಹೊಸದಾಗಿ ಬಂದ ಮೇಲಧಿಕಾರಿಗೆ ಇದು ಬರೀ ಹರಟೆಯಾಗಿ ಕಂಡಿತು; ಅತ್ತೆಯ ಉಚ್ಚಾರವಂತೂ ಸುತರಾಂ ರುಚಿಸಲಿಲ್ಲ. "ವಾರದೊಳಗೆ ಸರಿ ಮಾಡ್ಕೊಳ್ಳಿ ಮೇಡಂ, ಇಲ್ದಿದ್ರೆ ಕಡತದ ಕೋಣೆಗೆ ಹೋಗಿ" ಎಂದ. ಅದೇ ಬಂದರಿನಲ್ಲಿ ಗುಮಾಸ್ತನಾಗಿದ್ದ ನನಗೆ ಮೈ ಉರಿದುಹೋಯಿತು. ಕಿವಿಯಿಂದಲೇ ಬದುಕಿದವರನ್ನು ಕಾಗದಗಳ ನಡುವೆ ಹೂಳುವುದೇ? ಅತ್ತೆ ಮಾತ್ರ, "ಇರೋದೊಂದೇ ನಾಲಿಗೆ ಕಣೋ, ಇನ್ನೊಂದನ್ನ ಎಲ್ಲಿಂದ ತರ್ಲಿ?" ಎಂದು ನಕ್ಕರು. ನಕ್ಕರೇನು, ಆ ವಾರವಿಡೀ ಅವರ ಊಟದ ಡಬ್ಬಿ ಅರ್ಧ ತುಂಬಿಕೊಂಡೇ ಮನೆಗೆ ಮರಳುತ್ತಿತ್ತು.

ಗಡುವಿನ ಕೊನೆಯ ದಿನ, ಊಟದ ಡಬ್ಬಿ ಕೊಡಲು ನಾನು ಹೋದಾಗ ಕಿಟಕಿಯಾಚೆ ದಟ್ಟ ಮಂಜು. ಅದರೊಳಗಿಂದ ಹಡಗೊಂದು ದಾರಿ ಕೇಳುತ್ತಿತ್ತು. ಅಧಿಕಾರಿ ತಾನೇ ಮೈಕು ಹಿಡಿದು, ತಿದ್ದಿ ತೀಡಿದ ಇಂಗ್ಲಿಷಿನಲ್ಲಿ ಆಜ್ಞೆಯ ಮೇಲೆ ಆಜ್ಞೆ ಕೊಟ್ಟ. ಕ್ಯಾಪ್ಟನ್ನನಿಗೆ ಇವನದು ತಿಳಿಯದು, ಇವನಿಗೆ ಅವನದು ತಿಳಿಯದು. ರಾಡಾರ್ ಪರದೆಯ ಮೇಲೆ ಆ ಹಡಗಿನ ಚುಕ್ಕೆ ಬಂಡೆಗಳತ್ತ ಸರಿಯುತ್ತಿತ್ತು. ಕೊನೆಗೆ ಅಧಿಕಾರಿ ಬೆವರೊರೆಸಿಕೊಳ್ಳುತ್ತ ಮೈಕನ್ನು ಅತ್ತೆಯ ಕಡೆಗೆ ತಳ್ಳಿದ.

ಅತ್ತೆ 'ನಿಲ್ಲಿಸಿ' ಎಂಬ ಒಂದೇ ಮಾತನ್ನು ಇಂಗ್ಲಿಷಿನಲ್ಲಿ ಬಿಡಿಸಿ ಬಿಡಿಸಿ ಮೂರು ಸಲ ಹೇಳಿದರು. ಚುಕ್ಕೆ ನಿಧಾನಿಸಿತು. ಆಮೇಲೆ ಕಣ್ಣು ಮುಚ್ಚಿ, ಅದೇ ತಿಂಡಿಯ ವಿಚಾರ! ಆ ಕಡೆಯಿಂದ ದೊಡ್ಡದೊಂದು ನಗೆ ಬಂತು, ಹಿಂದೆಯೇ ಉದ್ದನೆಯ ದೂರು. ಅವನ ಉಚ್ಚಾರ ಕಿವಿಗೆ ಕೂತ ಮೇಲೆ ಅತ್ತೆ ಒಂದೊಂದೇ ಮಾತಾಗಿ ದಾರಿ ಹೇಳಿದರು. ಮುಕ್ಕಾಲು ಗಂಟೆಯಲ್ಲಿ ಹಡಗು ಬಂದರಿನ ಕಟ್ಟೆ ಸೇರಿತು. ಅಧಿಕಾರಿ ಕುರ್ಚಿಯನ್ನು ಅತ್ತೆಯ ಪಕ್ಕಕ್ಕೆ ಎಳೆದುಕೊಂಡು, "ಏನು ತಿಂದಿದ್ನಂತೆ ಮೇಡಂ?" ಎಂದು ಕೇಳಿದ.

"ಸೀದ ಬ್ರೆಡ್ಡು ಸರ್. ಅಡುಗೆಯವನ ಮೇಲೆ ಭಾರಿ ಸಿಟ್ಟು."

ಕಡತದ ಕೋಣೆಯ ಮಾತು ಮತ್ತೆ ಬರಲಿಲ್ಲ. ನಿವೃತ್ತಿಯವರೆಗೂ ಅತ್ತೆ ಅದೇ ಕುರ್ಚಿಯಲ್ಲಿ ಕೂತರು. ಅವರ ಅಣ್ಣನ ಮಗನೆಂದು ಹೇಳಿಕೊಳ್ಳಲು ನನಗೆ ಇಂದಿಗೂ ಎದೆಯುಬ್ಬುತ್ತದೆ. ನಾಲಿಗೆಯನ್ನು ಹದ ಮಾಡಿಕೊಂಡವರು ಲೋಕದಲ್ಲಿ ಬೇಕಾದಷ್ಟಿದ್ದಾರೆ. ಕಿವಿಯನ್ನು ಹದ ಮಾಡಿಕೊಂಡವರು ವಿರಳ. ಅಂಥವರ ಮುಖವನ್ನೇ ಕಾಣದ ಎಷ್ಟೋ ಜನ, ಅವರಿಂದಾಗಿ ಕ್ಷೇಮವಾಗಿ ಮನೆ ಸೇರುತ್ತಾರೆ.